ಪುಟ್ಟಿ ನಿಮ್ಮನ್ನೇ ನೋಡಿ ಗುರ್ ಅಂದ್ರೆ...

ಫಿಟ್ಸ್ ಬಂದು ಹೋದ ಮೇಲೆ ಸಾಕಿದ ಬೆಕ್ಕು ವಿಚಿತ್ರವಾಗಿ ಆಡೋದ್ಯಾಕೆ? ಆ ಹೊತ್ತಿನಲ್ಲಿ ಮನೆಯವರು ಏನು ಮಾಡಬೇಕು?

ರಾತ್ರಿ ಹನ್ನೊಂದು ಗಂಟೆ. ಪಾತ್ರೆ ತೊಳೆದಿಟ್ಟು, ಹಾಲಿಗೆ ಹೆಪ್ಪು ಹಾಕಿ, ಅಡುಗೆಮನೆ ಲೈಟ್ ಆರಿಸುವ ಹೊತ್ತಿಗೆ ಹಾಲ್‌ನಲ್ಲಿ ದಡ್ ಅಂತ ಸದ್ದು. ಸೋಫಾ ಮೇಲೆ ಮಲಗಿದ್ದ ಪುಟ್ಟಿ ಕೆಳಗೆ ಬಿದ್ದಿದ್ದಾಳೆ. ಮೈಯೆಲ್ಲ ಸೆಟೆದುಕೊಂಡಿದೆ. ನಾಲ್ಕೂ ಕಾಲು ಸೈಕಲ್ ತುಳಿದ ಹಾಗೆ ಆಡುತ್ತಿವೆ. ಬಾಯಲ್ಲಿ ಜೊಲ್ಲು, ನೆಲದ ಮೇಲೆ ಉಚ್ಚೆ. ನೀವು ಕೂಗಿದ ಕೂಗಿಗೆ ಮನೆಯವರೆಲ್ಲ ಎದ್ದು ಬಂದರು. ಒಂದೂವರೆ ನಿಮಿಷದಲ್ಲಿ ಎಲ್ಲ ನಿಂತಿತು. 'ಸದ್ಯ, ಬದುಕಿತು' ಅಂತ ಎತ್ತಿಕೊಳ್ಳಲು ಕೈ ಚಾಚಿದರೆ... ಪುಟ್ಟಿ ಕಿವಿ ಹಿಂದಕ್ಕೆ ಮಲಗಿಸಿ, ನಿಮ್ಮನ್ನೇ ನೋಡಿ ಗುರ್ ಅಂದಳು!

ಆರು ವರ್ಷದಿಂದ ನಿಮ್ಮ ಕಾಲ ಬುಡದಲ್ಲೇ ಮಲಗುವ ಬೆಕ್ಕು ಅದು. ನಿಮ್ಮ ದನಿ ಕೇಳಿದರೆ ಸಾಕು, ಬಾಲ ಎತ್ತಿಕೊಂಡು ಬರುತ್ತಿತ್ತು. ಈಗ ನೋಡಿದರೆ ನೀವು ಯಾರೋ, ಅದು ಯಾರೋ!

ಬೆಕ್ಕಿಗೆ ಫಿಟ್ಸ್ ಬಂದ ಮನೆಗಳಲ್ಲಿ ಹೆಚ್ಚಿನ ಗೃಹಿಣಿಯರನ್ನು ಕಂಗೆಡಿಸೋದು ಫಿಟ್ಸ್ ಅಲ್ಲ, ಅದರ ನಂತರದ ಈ ಹೊತ್ತು. ಫಿಟ್ಸ್ ಒಂದೆರಡು ನಿಮಿಷದ್ದು. ಆದರೆ ಆಮೇಲಿನ ವಿಚಿತ್ರ ವರ್ತನೆ ಗಂಟೆಗಟ್ಟಲೆ ಇರಬಹುದು. ಅದೇನು ಅಂತ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹುಚ್ಚು ಹಿಡಿದಿದೆ, ಗಾಳಿ ಸೋಕಿದೆ ಅಂತ ತೀರ್ಮಾನ ಆಗಿಬಿಡುತ್ತದೆ. ಬೆಳಗಾಗುವಷ್ಟರಲ್ಲಿ ಅದನ್ನು ಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬಂದವರೂ ಇದ್ದಾರೆ. ಪಾಪ, ಆ ಬೆಕ್ಕಿಗೆ ಅಷ್ಟೊತ್ತಿಗೆ ಎಲ್ಲ ಸರಿಹೋಗಿ, ಮನೆಯವರ ನೆನಪೂ ಬಂದಿರುತ್ತದೆ.

ಬೆಕ್ಕಿಗೂ ಫಿಟ್ಸಾ?

ಹೌದು, ಬೆಕ್ಕಿಗೂ ಬರುತ್ತದೆ. ನಾಯಿಗಳಷ್ಟು ಸಾಮಾನ್ಯವಲ್ಲ, ಆದರೆ ಅಪರೂಪವೂ ಅಲ್ಲ. ಮಿದುಳಿನಲ್ಲಿ ನರಕೋಶಗಳು ಒಂದಕ್ಕೊಂದು ಸಣ್ಣ ವಿದ್ಯುತ್ ಸಂಕೇತ ಕಳಿಸುತ್ತಾ ಕೆಲಸ ಮಾಡುತ್ತವೆ. ಆ ಸಂಕೇತಗಳು ಹತೋಟಿ ತಪ್ಪಿ ಒಟ್ಟಿಗೇ ನುಗ್ಗಿದಾಗ ಮೈ ಸೆಟೆಯುತ್ತದೆ, ನಡುಗುತ್ತದೆ, ಪ್ರಜ್ಞೆ ತಪ್ಪುತ್ತದೆ. ಅದೇ ಫಿಟ್ಸ್.

ಇದರಲ್ಲಿ ಮೂರು ಹಂತ. ಮೊದಲನೆಯದು ಮುನ್ಸೂಚನೆಯ ಹೊತ್ತು. ಬೆಕ್ಕು ಸುಮ್ಮನೆ ಚಡಪಡಿಸಬಹುದು, ನಿಮಗೆ ಅಂಟಿಕೊಂಡೇ ಓಡಾಡಬಹುದು, ಇಲ್ಲವೇ ಮಂಚದಡಿ ಸೇರಬಹುದು. ಎಷ್ಟೋ ಸಲ ಇದು ನಮ್ಮ ಗಮನಕ್ಕೇ ಬರೋದಿಲ್ಲ. ಎರಡನೆಯದು ಫಿಟ್ಸ್. ಮೂರನೆಯದೇ ಈ 'ಆಮೇಲಿನ ಹೊತ್ತು'.

ರಾತ್ರಿ ಕರೆಂಟ್ ಹೋಗಿ ಬಂದಾಗ ಮನೆಯಲ್ಲಿ ಏನಾಗುತ್ತದೆ ನೆನಪು ಮಾಡಿಕೊಳ್ಳಿ. ಫ್ಯಾನ್ ತಿರುಗುತ್ತದೆ, ಟ್ಯೂಬ್‌ಲೈಟ್ ಮಾತ್ರ ಮಿಣುಕುತ್ತಾ ಕೂರುತ್ತದೆ, ಟಿವಿ ಬರುತ್ತದೆ ಆದರೆ ಚಾನೆಲ್ ಬರಲ್ಲ. ಎಲ್ಲವೂ ಒಟ್ಟಿಗೇ ಶುರುವಾಗಲ್ಲ. ಬೆಕ್ಕಿನ ಮಿದುಳೂ ಹಾಗೇ. ಕಾಲು ಓಡುತ್ತದೆ, ಆದರೆ ಕಣ್ಣು ಕಂಡದ್ದು ಮಿದುಳಿಗೆ ತಿಳಿಯಲ್ಲ. ಕಿವಿಗೆ ಸದ್ದು ಬೀಳುತ್ತದೆ, ಅದು ನಿಮ್ಮ ದನಿ ಅಂತ ಗುರುತು ಹತ್ತಲ್ಲ. ಮೂರ್ಛೆ ರೋಗ ಇರುವ ಮನುಷ್ಯರನ್ನು ಹತ್ತಿರದಿಂದ ನೋಡಿದವರಿಗೆ ಇದು ಹೊಸದಲ್ಲ. ಎದ್ದು ಕೂತವರು 'ನಾನೆಲ್ಲಿದ್ದೀನಿ' ಅಂತಾರೆ, ಹೆಂಡತಿ ಹಿಡಿದುಕೊಂಡರೆ ಕೈ ಕೊಡವುತ್ತಾರೆ. ಆಮೇಲೆ ಕೇಳಿದರೆ ಅವರಿಗೆ ಏನೂ ನೆನಪಿರಲ್ಲ. ಬೆಕ್ಕಿಗೆ ಬಾಯಿ ಬರಲ್ಲ ಅನ್ನೋದಷ್ಟೇ ವ್ಯತ್ಯಾಸ.

ಏನೇನು ಮಾಡಬಹುದು?

ಒಂದೊಂದು ಬೆಕ್ಕಿನದು ಒಂದೊಂದು ರೀತಿ. ಕೆಲವು ಸುಸ್ತಾಗಿ ನಿದ್ದೆ ಹೋಗುತ್ತವೆ, ಅಷ್ಟೇ. ಇನ್ನು ಕೆಲವು ನಿಲ್ಲದೆ ಓಡಾಡುತ್ತವೆ. ಹಾಲ್‌ನಿಂದ ರೂಮು, ರೂಮಿನಿಂದ ಹಾಲ್, ಗೋಡೆ ಪಕ್ಕದಲ್ಲೇ ಸುತ್ತು ಹೊಡೆಯುತ್ತಾ, ಮೂಲೆಗೆ ತಲೆ ಒತ್ತಿಕೊಂಡು ನಿಲ್ಲುತ್ತಾ... ನೋಡೋಕೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಕಣ್ಣು ಕಾಣದಿರುವುದು ಇನ್ನೊಂದು. ಕಣ್ಣು ಅರಳಿರುತ್ತದೆ, ಪಾಪೆ ದೊಡ್ಡದಾಗಿರುತ್ತದೆ, ಆದರೆ ಕುರ್ಚಿ ಕಾಲಿಗೆ ಢಿಕ್ಕಿ ಹೊಡೆಯುತ್ತದೆ. ಕಣ್ಣು ಕೆಟ್ಟಿಲ್ಲ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮಿದುಳಿನ ಭಾಗ ಇನ್ನೂ ಎದ್ದಿಲ್ಲ. ಸಾಮಾನ್ಯವಾಗಿ ಅದು ಮರಳಿ ಬರುತ್ತದೆ.

ಹಸಿವು ಅಂದರೆ ಎಂಥ ಹಸಿವು! ಈಗಷ್ಟೇ ಊಟ ಮಾಡಿದ ಬೆಕ್ಕು ಬಟ್ಟಲು ನೆಕ್ಕಿ, ಕಸದ ಬುಟ್ಟಿ ಕೆದಕಿ, ತಿನ್ನಬಾರದ್ದನ್ನೂ ತಿನ್ನಲು ಹೋಗುತ್ತದೆ. ಬಾಯಾರಿಕೆಯೂ ಜಾಸ್ತಿ. ಕೆಲವು ದೊಡ್ಡ ದನಿಯಲ್ಲಿ, ಮಗು ಅತ್ತ ಹಾಗೆ ಕೂಗುತ್ತವೆ. ಅಪಾರ್ಟ್‌ಮೆಂಟ್‌ನಲ್ಲಿ ರಾತ್ರಿ ಎರಡು ಗಂಟೆಗೆ ಈ ಕೂಗು ಕೇಳಿದರೆ ಪಕ್ಕದ ಮನೆಯವರಿಗೂ ಎದೆ ಧಸಕ್ ಅನ್ನುತ್ತದೆ. ಯಾವತ್ತೂ ಗಲೀಜು ಮಾಡದ ಬೆಕ್ಕು ಹಾಸಿಗೆ ಮೇಲೇ ಉಚ್ಚೆ ಹೊಯ್ಯಬಹುದು. ಅದು ಹಟವಲ್ಲ. ಮರಳಿನ ಟ್ರೇ ಎಲ್ಲಿದೆ ಅನ್ನೋದೇ ಆ ಗಳಿಗೆಯಲ್ಲಿ ಅದಕ್ಕೆ ಮರೆತುಹೋಗಿರುತ್ತದೆ.

ಇನ್ನು ಗುರ್ ಅನ್ನೋದು, ಉಗುರು ಬಿಡೋದು, ಕಚ್ಚೋದು. ಎಲ್ಲಕ್ಕಿಂತ ಮನಸ್ಸಿಗೆ ನೋವಾಗೋದು ಇದರಿಂದಲೇ. ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಎಲ್ಲಿದ್ದೀನಿ ಗೊತ್ತಿಲ್ಲ, ಅಷ್ಟರಲ್ಲಿ ಮೇಲಿಂದ ದೊಡ್ಡ ಕೈಯೊಂದು ಬರುತ್ತದೆ. ಅದಕ್ಕೆ ಗೊತ್ತಿರುವ ಒಂದೇ ಉಪಾಯ ಅಂದರೆ ಹೊಡೆಯೋದು. ಅದನ್ನು ದ್ವೇಷ ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇದೆಲ್ಲ ಎಷ್ಟು ಹೊತ್ತು? ಕೆಲವಕ್ಕೆ ಹತ್ತು ನಿಮಿಷ, ಹಲವಕ್ಕೆ ಕೆಲವು ಗಂಟೆ. ಒಂದು ದಿನದವರೆಗೆ ಮಂಕಾಗಿರುವುದೂ ಉಂಟು. ನೀವು ಗಮನಿಸಬೇಕಾದದ್ದು ಗಂಟೆ ಕಳೆದ ಹಾಗೆ ಸುಧಾರಿಸುತ್ತಾ ಹೋಗುತ್ತಿದೆಯೇ ಅನ್ನೋದನ್ನ. ಒಂದು ದಿನ ಕಳೆದರೂ ಹಾಗೇ ಇದ್ದರೆ, ಅಥವಾ ಹೆಚ್ಚಾಗುತ್ತಾ ಹೋದರೆ, ಅದು ಬರೀ ಫಿಟ್ಸ್‌ನ ಹಿಂದಿನ ಅಲೆಯಲ್ಲ. ಬೇರೆ ಏನೋ ಇದೆ ಅಂತಲೇ ಅರ್ಥ. ಡಾಕ್ಟರ್‌ಗೆ ತೋರಿಸಲೇಬೇಕು.

ಈರುಳ್ಳಿ, ಬೀಗದ ಕೈ ಬೇಡ

ನಮ್ಮಲ್ಲಿ ಯಾರಿಗಾದರೂ ಫಿಟ್ಸ್ ಬಂತು ಅಂದರೆ ಮೊದಲು ಹುಡುಕೋದೇ ಬೀಗದ ಕೈ ಗೊಂಚಲು! ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಅನ್ನುವ ನಂಬಿಕೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮನುಷ್ಯರಿಗೇ ಇದರಿಂದ ಉಪಯೋಗವಿಲ್ಲ ಅಂತ ನರರೋಗ ತಜ್ಞರು ಹೇಳುತ್ತಲೇ ಬಂದಿದ್ದಾರೆ. ಫಿಟ್ಸ್ ಹೇಗೂ ಒಂದೆರಡು ನಿಮಿಷಕ್ಕೆ ತಾನಾಗಿ ನಿಲ್ಲುತ್ತದೆ, ಹೆಸರು ಬೀಗದ ಕೈಗೆ ಬರುತ್ತದೆ.

ಬೆಕ್ಕಿನ ವಿಷಯದಲ್ಲಂತೂ ಇದು ಅಪಾಯ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿಗೆ ವಿಷ. ಹೊಟ್ಟೆಗೆ ಹೋದರೆ ಅದರ ರಕ್ತದ ಕೆಂಪು ಕಣಗಳು ಒಡೆದುಹೋಗುತ್ತವೆ. ಬಾಯಿಗೆ ಚಮಚ ತುರುಕಬೇಡಿ, ಬೆರಳಂತೂ ಹಾಕಲೇಬೇಡಿ. ಬೆಕ್ಕು ನಾಲಿಗೆ ನುಂಗಿಕೊಳ್ಳೋದಿಲ್ಲ. ನೀರು ಚಿಮುಕಿಸೋದು, ಹಾಲು ಹನಿಸೋದು ಕೂಡ ಬೇಡ. ಪ್ರಜ್ಞೆ ಇಲ್ಲದಾಗ ಹಾಕಿದ್ದು ಶ್ವಾಸನಾಳಕ್ಕೆ ಇಳಿಯಬಹುದು.

ಹಾಗಾದರೆ ಏನು ಮಾಡೋದು?

ಮೊದಲು ಗಡಿಯಾರ ನೋಡಿ. ಫಿಟ್ಸ್ ನಡೆಯುವಾಗ ಒಂದು ನಿಮಿಷ ಹತ್ತು ನಿಮಿಷದ ಹಾಗೆ ಕಾಣುತ್ತದೆ. 'ಅರ್ಧ ಗಂಟೆ ಒದ್ದಾಡಿತು ಡಾಕ್ಟ್ರೇ' ಅಂತ ಬಂದವರದ್ದು ಲೆಕ್ಕ ಹಾಕಿದರೆ ಎರಡು ನಿಮಿಷ ಆಗಿರುತ್ತದೆ. ಇನ್ನೊಬ್ಬರು ಮನೆಯಲ್ಲಿದ್ದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಲು ಹೇಳಿ. ಇಂಥ ಹೊತ್ತಿನಲ್ಲಿ ವಿಡಿಯೊನಾ ಅಂತ ಅತ್ತೆ ಬೈದರೂ ಸರಿ, ಮಾಡಿ. ಡಾಕ್ಟರ್ ಹತ್ತಿರ ಹೋದಾಗ ಬೆಕ್ಕು ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ಫಿಟ್ಸ್ ಸಮಯದ್ದು, ಆಮೇಲೆ ಅದು ಆಡಿದ್ದು ಎರಡೂ ವಿಡಿಯೊದಲ್ಲಿದ್ದರೆ ಅವರಿಗೆ ಅರ್ಧ ಕೆಲಸ ಆದ ಹಾಗೆ.

ಬೆಕ್ಕನ್ನು ಎತ್ತಬೇಡಿ, ಒತ್ತಿ ಹಿಡಿಯಬೇಡಿ. ಮಂಚದ ಅಂಚಿನಲ್ಲೋ ಮೆಟ್ಟಿಲ ಹತ್ತಿರವೋ ಇದ್ದರೆ ಮಾತ್ರ ದಪ್ಪ ಟವೆಲ್ ಹಾಕಿ ಮೆಲ್ಲಗೆ ಈಚೆ ಎಳೆದುಕೊಳ್ಳಿ. ಸುತ್ತ ಇರುವ ಸ್ಟೂಲು, ಟೀಪಾಯಿ ದೂರ ಸರಿಸಿ.

ಇನ್ನು ಫಿಟ್ಸ್ ನಿಂತ ಕೂಡಲೇ ಮಾಡಬೇಕಾದ ಒಂದು ಕೆಲಸವಿದೆ. ಫ್ಲ್ಯಾಟ್‌ನಲ್ಲಿ ಇರುವವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಬಾಲ್ಕನಿ ಬಾಗಿಲು ಹಾಕಿ! ಕಣ್ಣು ಕಾಣದೆ, ದಿಕ್ಕು ತಿಳಿಯದೆ ಓಡುವ ಬೆಕ್ಕಿಗೆ ಮೂರನೇ ಮಹಡಿ ಅಂತ ಗೊತ್ತಾಗಲ್ಲ. ಬಾತ್‌ರೂಮಿನಲ್ಲಿ ನೀರು ತುಂಬಿದ ಬಕೆಟ್, ಹಿತ್ತಲಲ್ಲಿ ಮುಚ್ಚಳ ತೆಗೆದ ಸಂಪು, ಉರಿಯುತ್ತಿರುವ ಸ್ಟವ್, ದೇವರ ಮುಂದಿನ ದೀಪ, ಇವನ್ನೆಲ್ಲ ಒಮ್ಮೆ ಕಣ್ಣಾಡಿಸಿ. ಬೀದಿ ಬಾಗಿಲಂತೂ ಭದ್ರ. ಹೊರಗೆ ಓಡಿಹೋದರೆ ಮನೆ ದಾರಿ ಅದಕ್ಕೆ ಹೊಳೆಯದೆ ಇರಬಹುದು.

ಆಮೇಲೆ ಟಿವಿ, ಮಿಕ್ಸಿ ಆರಿಸಿ, ಲೈಟ್ ಕಮ್ಮಿ ಮಾಡಿ. ಸಣ್ಣ ರೂಮೊಂದರಲ್ಲಿ ನೆಲದ ಮೇಲೆ ಹಳೆ ಬೆಡ್‌ಶೀಟ್ ಹಾಸಿ, ಪಕ್ಕದಲ್ಲೇ ಮರಳಿನ ಟ್ರೇ ಇಟ್ಟು, ಅದನ್ನು ಅದರ ಪಾಡಿಗೆ ಬಿಡಿ. ಮಂಚದಡಿ ಸೇರಿಕೊಂಡರೆ ಎಳೆಯಬೇಡಿ. ನೀವು ಅಲ್ಲೇ ಸ್ವಲ್ಪ ದೂರ ಕೂತು ಮೆಲುದನಿಯಲ್ಲಿ ಮಾತಾಡುತ್ತಾ ಇರಬಹುದು. ಮುಟ್ಟೋದು ಮಾತ್ರ ಅದು ತಾನಾಗಿ ಹತ್ತಿರ ಬಂದು ಮೂಸಿ ನೋಡಿದ ಮೇಲೆ. ಮಕ್ಕಳಿಗೆ ಇದನ್ನು ಹೇಳಿಕೊಡೋದು ಕಷ್ಟ. 'ಪುಟ್ಟಿಗೆ ಹುಷಾರಿಲ್ಲ, ಮುದ್ದು ಮಾಡ್ತೀನಿ' ಅಂತ ಮುಖ ಹತ್ತಿರ ತರುವವರೇ ಅವರು. ಅಷ್ಟು ಹೊತ್ತು ಪಕ್ಕದ ರೂಮಿಗೆ ಕಳಿಸಿಬಿಡಿ.

ಹಸಿವು ಅಂತ ಕೂಗಿದರೆ? ನೆಟ್ಟಗೆ ನಿಂತು, ತೂರಾಡದೆ ನಡೆಯುವವರೆಗೆ ತಡೆಯಿರಿ. ಆಮೇಲೆ ನೀರು, ಸ್ವಲ್ಪ ಸ್ವಲ್ಪವೇ ಊಟ ಕೊಡಿ. ಒಂದೇ ಸಲ ಬಟ್ಟಲು ತುಂಬಿಸಿದರೆ ಗಬಗಬ ತಿಂದು ಕಕ್ಕುತ್ತದೆ. ಡಯಾಬಿಟಿಸ್‌ಗೆ ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕಾದರೆ ಮಾತು ಬೇರೆ. ಸಕ್ಕರೆ ಅಂಶ ಇಳಿದೇ ಫಿಟ್ಸ್ ಬಂದಿರಬಹುದು. ಫಿಟ್ಸ್ ನಿಂತ ಮೇಲೆ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ, ತಡ ಮಾಡದೆ ಆಸ್ಪತ್ರೆಗೆ ಓಡಿ.

ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದನ್ನೂ ಬೇರೆ ಇಡಿ. ವಾಸನೆ ಬದಲಾದ, ವಿಚಿತ್ರವಾಗಿ ನಡೆಯುವ ಗೆಳತಿಯನ್ನು ಅದು ಹೊರಗಿನ ಬೆಕ್ಕು ಅಂದುಕೊಂಡು ಮೇಲೆ ಬೀಳಬಹುದು. ಜೊತೆಗೇ ಬೆಳೆದ ಎರಡು ಬೆಕ್ಕು ಹೀಗೆ ಒಂದು ರಾತ್ರಿ ಜಗಳವಾಡಿ ವಾರಗಟ್ಟಲೆ ಮುಖ ನೋಡದೆ ಇರೋದೂ ಉಂಟು.

ಕಚ್ಚಿಬಿಟ್ಟರೆ

ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲೆ ನೋಡಿದರೆ ಚುಕ್ಕಿಯಷ್ಟೇ ಗಾಯ, ಒಳಗೆ ಆಳಕ್ಕೆ ಇಳಿದಿರುತ್ತದೆ, ಬೇಗ ಕೀವಾಗುತ್ತದೆ. ಗಾಯವನ್ನು ಸೋಪು ಹಾಕಿ, ನಲ್ಲಿ ನೀರು ಬಿಟ್ಟುಕೊಂಡು 15 ನಿಮಿಷ ತೊಳೆಯಿರಿ. ಅರಿಶಿನ, ಖಾರದಪುಡಿ, ಸುಣ್ಣ ಏನೂ ಹಚ್ಚಬೇಡಿ. ಅವತ್ತೇ ಡಾಕ್ಟರ್‌ಗೆ ತೋರಿಸಿ.

ಯಾಕಿಷ್ಟು ಒತ್ತಿ ಹೇಳಬೇಕು ಅಂದರೆ, ರೇಬಿಸ್ ಬರೀ ನಾಯಿಯಿಂದ ಬರುವ ರೋಗ ಅಂತ ಎಷ್ಟೋ ಜನ ತಿಳಿದಿದ್ದಾರೆ. ಬೆಕ್ಕಿನಿಂದಲೂ ಬರುತ್ತದೆ. ಬೆಕ್ಕಿಗೆ ಲಸಿಕೆ ಹಾಕಿಸಿಲ್ಲ, ಹೊರಗೆ ಓಡಾಡಿ ಬೇರೆ ಪ್ರಾಣಿ ಜೊತೆ ಕಚ್ಚಾಡಿದೆ ಅಂದರೆ, ಈ ವಿಚಿತ್ರ ವರ್ತನೆ ಫಿಟ್ಸ್‌ನದೇ ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡಬೇಡಿ. ಫಿಟ್ಸ್ ನಂತರದ ಮಂಕು ಗಂಟೆಗಳು ಕಳೆದ ಹಾಗೆ ಇಳಿಯುತ್ತದೆ. ರೇಬಿಸ್ ಆದರೆ ದಿನ ಕಳೆದ ಹಾಗೆ ಏರುತ್ತಲೇ ಹೋಗುತ್ತದೆ, ಬೆಕ್ಕು ಕೆಲವೇ ದಿನಗಳಲ್ಲಿ ಸಾಯುತ್ತದೆ. ಹಾಗಂತ ನೋಡೋಣ, ಹತ್ತು ದಿನ ಕಳೆಯಲಿ ಅಂತ ನಿಮ್ಮ ಚುಚ್ಚುಮದ್ದು ಮುಂದೂಡಬೇಡಿ. ಚುಚ್ಚುಮದ್ದು ಶುರು ಮಾಡಿ, ಬೆಕ್ಕಿನ ಮೇಲೆ ನಿಗಾ ಇಡಿ. ವರ್ಷಕ್ಕೊಮ್ಮೆ ಬೆಕ್ಕಿಗೆ ಲಸಿಕೆ ಹಾಕಿಸಿಕೊಂಡು ಬಂದ ಮನೆಯಲ್ಲಿ ಈ ಆತಂಕವೇ ಎಷ್ಟೋ ಕಮ್ಮಿ.

ಫಿಟ್ಸ್ ಅಂತ ಗೊತ್ತೇ ಆಗದ ಫಿಟ್ಸ್

ಬೆಕ್ಕುಗಳಲ್ಲಿ ಇನ್ನೊಂದು ತಮಾಷೆ ಇದೆ. ಎಲ್ಲ ಫಿಟ್ಸೂ ಬಿದ್ದು ಒದ್ದಾಡುವಂಥದ್ದಲ್ಲ. ಮಿದುಳಿನ ಒಂದು ಭಾಗದಲ್ಲಿ ಮಾತ್ರ ಏರುಪೇರಾದರೆ ಮುಖದ ಒಂದು ಬದಿ ಅದುರುತ್ತದೆ, ಬಾಯಿ ಚಪ್ಪರಿಸುತ್ತದೆ, ಜೊಲ್ಲು ಸುರಿಯುತ್ತದೆ. ಇಲ್ಲವೇ ಕೂತ ಬೆಕ್ಕು ದಿಢೀರನೆ ಎದ್ದು, ಬೆನ್ನ ಹಿಂದೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಮನೆ ತುಂಬ ಓಡಿ ಗೋಡೆಗೆ ಹೊಡೆದುಕೊಳ್ಳುತ್ತದೆ. ಆಮೇಲೆ ಅದೇ ಮಂಕು, ಅದೇ ಗುರ್. ಫಿಟ್ಸ್ ಕಣ್ಣಿಗೇ ಬಿದ್ದಿಲ್ಲ, ಬರೀ ಆಮೇಲಿನ ವರ್ತನೆ ಕಂಡಿದೆ ಅನ್ನುವ ಮನೆಗಳೇ ಗೊಂದಲಕ್ಕೆ ಬೀಳೋದು. ಬೆಳಗ್ಗೆ ಎದ್ದಾಗ ಬೆಕ್ಕು ತೂರಾಡುತ್ತಿದೆ, ಮೈಯೆಲ್ಲ ಜೊಲ್ಲಿನಿಂದ ಒದ್ದೆ, ಹಾಸಿಗೆಯಲ್ಲಿ ಉಚ್ಚೆ ಅಂದರೆ ರಾತ್ರಿ ಫಿಟ್ಸ್ ಬಂದು ಹೋಗಿರಬಹುದು.

ಬೆದೆಗೆ ಬಂದ ಹೆಣ್ಣು ಬೆಕ್ಕು ನೆಲದ ಮೇಲೆ ಹೊರಳಾಡಿ ಕೂಗೋದನ್ನು ನೋಡಿ ಫಿಟ್ಸ್ ಅಂತ ಓಡಿ ಬರುವವರೂ ಇದ್ದಾರೆ. ಅದಕ್ಕೆ ನಿಮ್ಮ ಗುರುತು ಇರುತ್ತದೆ, ಕರೆದರೆ ತಿರುಗಿ ನೋಡುತ್ತದೆ. ಹೃದಯದ ತೊಂದರೆಯಿಂದ ತಲೆ ಸುತ್ತಿ ಬೀಳುವ ಬೆಕ್ಕು ಸಾಮಾನ್ಯವಾಗಿ ಬೇಗನೇ ಎಚ್ಚರಗೊಂಡು ಮೊದಲಿನ ಹಾಗಾಗುತ್ತದೆ, ಗಂಟೆಗಟ್ಟಲೆ ಮಂಕಾಗಿರಲ್ಲ. ಅಂದರೆ ಆಮೇಲಿನ ವರ್ತನೆಯೇ ಡಾಕ್ಟರ್‌ಗೆ ಒಂದು ಸುಳಿವು.

ಕಾರಣ ಮನೆಯೊಳಗೇ ಇರಬಹುದು

ಫಿಟ್ಸ್‌ಗೆ ಕಾರಣ ಹತ್ತಾರು. ತಲೆಗೆ ಪೆಟ್ಟು, ಮಿದುಳಿನ ಸೋಂಕು, ವಯಸ್ಸಾದ ಬೆಕ್ಕಿನಲ್ಲಿ ಕಿಡ್ನಿ ಕೈಕೊಡೋದು, ಬಿಪಿ, ಮಿದುಳಿನ ಗೆಡ್ಡೆ. ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದೆ ಹೋಗೋದೂ ಇದೆ. ಅದೆಲ್ಲ ಡಾಕ್ಟರ್ ನೋಡಿಕೊಳ್ಳುತ್ತಾರೆ. ಆದರೆ ಕೆಲವು ನಿಮಗೆ ಮಾತ್ರ ಗೊತ್ತಿರುವ ವಿಷಯ, ನೀವೇ ಹೇಳಬೇಕು.

ಅದರಲ್ಲಿ ಮೊದಲನೆಯದು ಉಣ್ಣೆ, ಚಿಗಟದ ಔಷಧಿ. ನಾಯಿಗೆ ತಂದ ಔಷಧಿ ಉಳಿದಿದೆ, ಬೆಕ್ಕಿಗೂ ಎರಡು ಹನಿ ಹಾಕೋಣ ಅಂತ ಹಾಕಿಬಿಡುತ್ತೇವೆ. ನಾಯಿಗಳ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಅಥವಾ ಅದೇ ಕುಟುಂಬದ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇರುತ್ತದೆ. ನಾಯಿಯ ದೇಹ ಅದನ್ನು ಕರಗಿಸಿ ಹೊರಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಕಮ್ಮಿ. ಕೆಲವೇ ಗಂಟೆಗಳಲ್ಲಿ ನಡುಕ, ಫಿಟ್ಸ್ ಶುರುವಾಗಬಹುದು. ನಾಯಿಗೆ ಹಚ್ಚಿದ ದಿನ ಅದರ ಪಕ್ಕ ಮಲಗಿದ ಬೆಕ್ಕಿಗೂ ತೊಂದರೆಯಾಗಬಹುದು. ಡಬ್ಬಿಯ ಮೇಲೆ ಬೆಕ್ಕಿಗೆ ಅಂತ ಬರೆದಿಲ್ಲದ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ಹಾಕಿ ಆಗಿದ್ದರೆ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.

ಇಲಿ ಪಾಷಾಣ, ಜಿರಲೆಗೆ ಹೊಡೆಸಿದ ಔಷಧಿ, ಬೀರುವಿನಲ್ಲಿಟ್ಟ ನುಸಿಗುಳಿಗೆ, ಕರ್ಪೂರ ಇವೂ ಲೆಕ್ಕಕ್ಕೆ ಬರುತ್ತವೆ. ಬರೀ ಹಸಿ ಮೀನು ತಿಂದು ಬೆಳೆಯುವ ಬೆಕ್ಕಿನದು ಇನ್ನೊಂದು ಕಥೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಅಂಶವಿದೆ. ದಿನಾ ಅದೇ ಆದರೆ ತಲೆ ಬಾಗಿಸಿ ತೂರಾಡೋದು, ಫಿಟ್ಸ್ ಬರೋದು ಆಗುತ್ತದೆ. ಬೇಯಿಸಿದರೆ ಆ ಅಂಶ ಹೋಗುತ್ತದೆ. ಕರಾವಳಿಯ ಮನೆಗಳವರು ಗಮನಿಸಬೇಕಾದ ಮಾತು.

ಚಮಚದ ಸದ್ದಿಗೂ ಫಿಟ್ಸ್!

ಇದು ಕೇಳಿದರೆ ನಗು ಬರಬಹುದು. ಬ್ರಿಟನ್ನಿನಲ್ಲಿ ವಯಸ್ಸಾದ ಬೆಕ್ಕು ಸಾಕಿದವರು ಕೆಲವರು, ಇಂಥ ಸದ್ದಾದರೆ ನಮ್ಮ ಬೆಕ್ಕಿಗೆ ಫಿಟ್ಸ್ ಬರುತ್ತದೆ ಅಂತ ಹೇಳುತ್ತಿದ್ದರು. ಅವರಲ್ಲಿ ಎಷ್ಟೋ ಜನರ ಪಶುವೈದ್ಯರಿಗೆ ಹೀಗೂ ಉಂಟು ಅಂತಲೇ ಗೊತ್ತಿರಲಿಲ್ಲ. ಕೊನೆಗೆ ಇಂಟರ್‌ನ್ಯಾಷನಲ್ ಕ್ಯಾಟ್ ಕೇರ್ ಅನ್ನುವ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಪಶು ನರರೋಗ ತಜ್ಞ ಮಾರ್ಕ್ ಲೌರಿ ಮತ್ತು ಜೊತೆಗಾರರು 96 ಬೆಕ್ಕುಗಳ ವಿವರ ಕಲೆಹಾಕಿ 2015ರಲ್ಲಿ ಪ್ರಕಟಿಸಿದರು. ಯಾವ್ಯಾವ ಸದ್ದು ಅಂತೀರಾ? ಅಲ್ಯೂಮಿನಿಯಂ ಫಾಯಿಲ್ ಮುದುಡುವ ಸದ್ದು, ಪಿಂಗಾಣಿ ಬಟ್ಟಲಿಗೆ ಚಮಚ ಬಿದ್ದ ಸದ್ದು, ಗಾಜಿನ ಲೋಟ ತಾಗಿದ ಟಿಣ್, ಪ್ಲಾಸ್ಟಿಕ್ ಕವರ್‌ನ ಚರಚರ, ಬೀಗದ ಕೈ ಗೊಂಚಲಿನ ಝಣ್! ಹೆಚ್ಚುಕಮ್ಮಿ ನಮ್ಮ ಅಡುಗೆಮನೆಯ ದಿನದ ಸಂಗೀತವೇ. ಫಿಟ್ಸ್ ಬಂದವನಿಗೆ ಬೀಗದ ಕೈ ಹುಡುಕುವ ನಾವು ಇದನ್ನು ಓದಿ ಏನನ್ನಬೇಕೋ!

ಈ ಬೆಕ್ಕುಗಳಲ್ಲಿ ಫಿಟ್ಸ್ ಶುರುವಾದ ಸರಾಸರಿ ವಯಸ್ಸು 15 ವರ್ಷ. ಕಿವಿ ಮಂದವಾದ ಬೆಕ್ಕುಗಳೂ ಅವುಗಳಲ್ಲಿದ್ದವು. ಸದ್ದಿಗೆ ಮೈ ಜುಮ್ಮಂತ ಒಮ್ಮೆ ಕುಪ್ಪಳಿಸಿದ ಹಾಗಾಗಿ, ಸದ್ದು ಮುಂದುವರಿದರೆ ಪೂರ್ತಿ ಫಿಟ್ಸ್ ಆಗುತ್ತಿತ್ತು. ಪತ್ರಿಕೆಗಳು ಇದಕ್ಕೆ 'ಟಾಮ್ ಅಂಡ್ ಜೆರ್ರಿ' ಕಾಯಿಲೆ ಅಂತ ಹೆಸರಿಟ್ಟವು.

ನಿಮ್ಮ ಅಜ್ಜಿ ಬೆಕ್ಕಿಗೆ ಫಿಟ್ಸ್ ಬರುತ್ತಿದ್ದರೆ, ಅದಕ್ಕೆ ಸ್ವಲ್ಪ ಮುಂಚೆ ಮನೆಯಲ್ಲಿ ಯಾವ ಸದ್ದಾಯಿತು ಅಂತ ಒಂದೆರಡು ಸಲ ಗಮನಿಸಿ. ಸ್ಟೀಲ್ ತಟ್ಟೆ ಸದ್ದಿಗೆ ಅಂತಾದರೆ ಅದರ ಊಟಕ್ಕೆ ಪ್ಲಾಸ್ಟಿಕ್ ಬಟ್ಟಲು, ಪಾತ್ರೆ ಜೋಡಿಸುವಾಗ ಅಡುಗೆಮನೆ ಬಾಗಿಲು ಹಾಕೋದು ಇಂಥ ಸಣ್ಣ ಬದಲಾವಣೆಗಳೇ ಉಪಯೋಗಕ್ಕೆ ಬರುತ್ತವೆ.

ಮಾತ್ರೆ ಶುರುವಾದ ಮೇಲೆ

ಮೊದಲ ಸಲ ಫಿಟ್ಸ್ ಬಂದ ಬೆಕ್ಕನ್ನು ಬೇಗ ತೋರಿಸಿ. ಫಿಟ್ಸ್ 5 ನಿಮಿಷ ದಾಟಿದರೆ, ಒಂದು ಮುಗಿದು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಬಂದರೆ, ಒಂದೇ ದಿನದಲ್ಲಿ ಎರಡು ಮೂರು ಸಲ ಬಂದರೆ, ವಿಷ ತಿಂದ ಅನುಮಾನವಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಬೆಂಗಳೂರಿನಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಸ್ಪತ್ರೆ ಇದೆ. ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ರಾತ್ರಿ ಹೊತ್ತು ಯಾವ ಕ್ಲಿನಿಕ್ ತೆರೆದಿರುತ್ತದೆ ಅನ್ನೋದನ್ನು ಹಗಲಲ್ಲೇ ಕೇಳಿ ನಂಬರ್ ಬರೆದಿಟ್ಟುಕೊಳ್ಳಿ. ಸಾಗಿಸುವಾಗ ಬುಟ್ಟಿಗೆ ದಪ್ಪ ಟವೆಲ್ ಹಾಸಿ, ಮೇಲೆ ತೆಳು ಬಟ್ಟೆ ಮುಚ್ಚಿ. ಮಂಕಿನಲ್ಲಿರುವ ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಆಟೋ ಹತ್ತಬೇಡಿ.

ಒಂದು ಸಲ ಫಿಟ್ಸ್ ಬಂದ ಮಾತ್ರಕ್ಕೆ ಜೀವನಪೂರ್ತಿ ಮಾತ್ರೆ ಅಂತಲ್ಲ. ಪದೇ ಪದೇ ಬಂದರೆ, ಅಥವಾ ಆಮೇಲಿನ ಮಂಕು ತೀರಾ ಜೋರಾಗಿದ್ದರೆ ಡಾಕ್ಟರ್ ಔಷಧಿ ಶುರು ಮಾಡುತ್ತಾರೆ. ಬೆಕ್ಕುಗಳಿಗೆ ಹೆಚ್ಚಾಗಿ ಕೊಡೋದು ಫಿನೋಬಾರ್ಬಿಟೋನ್, 12 ಗಂಟೆಗೊಮ್ಮೆ. ಶುರುವಿನಲ್ಲಿ ಒಂದೆರಡು ವಾರ ತೂಕಡಿಕೆ, ತೂರಾಟ, ಅತಿ ಹಸಿವು ಇರುತ್ತದೆ. ಇದನ್ನೇ ಮತ್ತೆ ಫಿಟ್ಸ್‌ನ ಮಂಕು ಅಂದುಕೊಂಡು ಕೆಲವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ! ದಿಢೀರ್ ನಿಲ್ಲಿಸಿದರೆ ಮೊದಲಿಗಿಂತ ಜೋರಾದ ಫಿಟ್ಸ್ ಬರುತ್ತದೆ. ಈ ಮಾತ್ರೆ ಚೀಟಿಯಿಲ್ಲದೆ ಸಿಗುವಂಥದ್ದಲ್ಲ, ಆದ್ದರಿಂದ ಮುಗಿಯುವ ಒಂದು ವಾರ ಮುಂಚೆಯೇ ತಂದಿಟ್ಟುಕೊಳ್ಳಿ. ನಡುವೆ ರಕ್ತ ಪರೀಕ್ಷೆ ಮಾಡಿಸಲು ಹೇಳುತ್ತಾರೆ, ತಪ್ಪಿಸಬೇಡಿ. ಲೆವೆಟಿರಸಿಟಮ್ ಅನ್ನುವ ಇನ್ನೊಂದು ಔಷಧಿಯೂ ಇದೆ. ಸದ್ದಿಗೆ ಬರುವ ಫಿಟ್ಸ್‌ಗೆ ಅದೇ ಹೆಚ್ಚು ಒಗ್ಗುತ್ತದೆ ಅಂತ ಕಂಡುಬಂದಿದೆ.

ಮನೆಯಲ್ಲಿ ಮಾವನವರದೋ ಮತ್ತೊಬ್ಬರದೋ ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ ಇರುತ್ತದೆ. ಅದರಲ್ಲಿ ಅರ್ಧ ಕೊಟ್ಟರಾಯಿತು ಅನ್ನೋ ಯೋಚನೆ ಬೇಡವೇ ಬೇಡ. ಡಯಾಜಿಪಾಮ್ ಮಾತ್ರೆ ನುಂಗಿಸಿದ ಕೆಲವು ಬೆಕ್ಕುಗಳಲ್ಲಿ ಲಿವರ್ ಪೂರ್ತಿ ಹಾಳಾಗಿದ್ದು 1996ರಲ್ಲೇ ವರದಿಯಾಗಿದೆ. ನಾಯಿಗಳಿಗೆ ಕೊಡುವ ಪೊಟ್ಯಾಸಿಯಂ ಬ್ರೋಮೈಡ್ ಬೆಕ್ಕಿನ ಶ್ವಾಸಕೋಶಕ್ಕೆ ತೊಂದರೆ ಮಾಡಬಹುದು. ಮೈ ಬಿಸಿಯಾಗಿದೆ ಅಂತ ಪ್ಯಾರಸಿಟಮಾಲ್ ಕೊಟ್ಟರಂತೂ ಬೆಕ್ಕು ಉಳಿಯೋದೇ ಕಷ್ಟ. ಅರ್ಧ ಮಾತ್ರೆಯೂ ಅದಕ್ಕೆ ವಿಷ.

ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆಯಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಆಮೇಲೆ ಎಷ್ಟು ಗಂಟೆ ಮಂಕಾಗಿತ್ತು, ನಿಮ್ಮನ್ನು ಯಾವಾಗ ಗುರುತು ಹಿಡಿಯಿತು. ಆರು ತಿಂಗಳ ಮೇಲೆ ತಿರುಗಿಸಿ ನೋಡಿದರೆ ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ಅದೇ ಹೇಳುತ್ತದೆ. ಮಾತ್ರೆಯಿಂದ ಫಿಟ್ಸ್ ಪೂರ್ತಿ ನಿಲ್ಲದಿದ್ದರೂ, ತಿಂಗಳಿಗೆ ನಾಲ್ಕು ಸಲ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ ಆದರೆ ಅದು ಗೆಲುವೇ. ಹೀಗೆ ಮಾತ್ರೆ ತಿನ್ನುತ್ತಾ ಎಷ್ಟೋ ವರ್ಷ ಚೆನ್ನಾಗಿ ಬದುಕುವ ಬೆಕ್ಕುಗಳಿವೆ.

ಕಷ್ಟ ಬರೋದು ಊರಿಗೆ ಹೋಗುವಾಗ. ಗೌರಿ ಹಬ್ಬಕ್ಕೆ ತವರಿಗೆ ನಾಲ್ಕು ದಿನ ಹೋಗಬೇಕು, 12 ಗಂಟೆಗೊಮ್ಮೆ ಮಾತ್ರೆ ಕೊಡೋರು ಯಾರು? ಬರೀ ಊಟ ಹಾಕುವವರು ಸಿಕ್ಕರೆ ಸಾಲದು. ಮಾತ್ರೆ ನುಂಗಿಸೋದನ್ನು ನಿಮ್ಮ ಎದುರಿಗೇ ಎರಡು ಮೂರು ಸಲ ಮಾಡಿಸಿ ನೋಡಿ. ಆಗದಿದ್ದರೆ ದಿನಾ ನೋಡಿಕೊಳ್ಳುವ ಡಾಕ್ಟರ್ ಹತ್ತಿರವೇ ಬಿಡುವ ವ್ಯವಸ್ಥೆ ಇದೆಯಾ ಕೇಳಿ. ಪಕ್ಕದ ಮನೆಯವರಿಗೆ ಕೀ ಕೊಡೋದಾದರೆ ಮಾತ್ರೆಯ ಸಮಯ, ಡಾಕ್ಟರ್ ನಂಬರ್ ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: 'ಫಿಟ್ಸ್ ಬಂದರೆ ಬಾಲ್ಕನಿ ಬಾಗಿಲು ಹಾಕಿ, ಒಂದು ಗಂಟೆ ಅವಳನ್ನು ಮುಟ್ಟಬೇಡಿ, ನನಗೆ ಫೋನ್ ಮಾಡಿ.'